ಕಾಶಮ್ಮನ ಲಟ್ಟಣಿಗೆ

"ಗಾಡಿ ಒಂದು ಕಡೆ ವಾಲಿದೆ ಕಣ್ರೀ, ಯಾವುದೋ ಟೈರಲ್ಲಿ ಗಾಳಿ ಕಮ್ಮಿ," ಅಂದಳು ಕಾಶಮ್ಮ. ಗಾಡಿ ಓಡಿಸುವ ಗಂಡ ಗಂಗಾಧರಪ್ಪನಿಗೆ ಪಿತ್ತ ನೆತ್ತಿಗೇರಿತು. ಮನೆಮಂದಿಯೆಲ್ಲ ಟೂರಿಗೆಂದು ಟೆಂಪೋ ಟ್ರಾವೆಲರ್ ಹತ್ತಿ ಕೂತಾಗಿದೆ, ಆಗುಂಬೆ ಘಾಟಿ ಇಳಿಯಬೇಕು. "ಗಾಳಿ ಅಳೆಯೋ ಹೊಸ ಗೇಜ್ ಹಿಡಿದು ನೋಡಿದ್ದೀನಿ ಮಾರಾಯ್ತಿ, ನೀನು ಅಡುಗೆ ಸಾಮಾನು ನೋಡ್ಕೋ!"

ಅವಳು ಅಡುಗೆ ಚೀಲದಿಂದ ಲಟ್ಟಣಿಗೆ ತೆಗೆದು, ಹಲಸಿನಹಣ್ಣು ಬಡಿದು ನೋಡುವ ಹಾಗೆ ಒಂದೊಂದೇ ಟೈರು ಬಡಿದಳು. ಐದರ ಮೇಲೂ ಲಟ್ಟಣಿಗೆ ಪುಟಿದು ಬಂತು. ಹಿಂದೆ ಎಡಗಡೆಯ ಜೋಡಿಚಕ್ರದ ಒಳಗಿನದು ಮಾತ್ರ ಬೊದ್ ಅಂತು. ಗಂಗಾಧರಪ್ಪ ಪೆಚ್ಚಾದ. ಕೈ ಹೋಗಲಿಲ್ಲವೆಂದು ಅದೊಂದನ್ನು ಅವನು ನೋಡೇ ಇರಲಿಲ್ಲ.

ಗಾಳಿ ಹಾಕಿಸಿ ಹೊರಡುವಾಗ ಅವನು ಗೇಜನ್ನು ಸೀಟಿನಡಿ ತಳ್ಳಿ, ಲಟ್ಟಣಿಗೆಯನ್ನು ಒರೆಸಿ ಸ್ಟೇರಿಂಗಿನ ಮುಂದೆ ಇಟ್ಟುಕೊಂಡ.

"ಚಪಾತಿಗೆ ಬೇಕಲ್ರೀ ಅದು."

"ಘಾಟಿ ಇಳಿದ ಮೇಲೆ ಕೊಡ್ತೀನಿ."