ಹೋಗುವವರ ತಲೆಗೆ ಪಾಯಿಂಟು

ಡೋಲ್ಫಿ ಬಾಬ್ ಮನಸ್ಸು ಬದಲಾಯಿಸುವ ಮೊದಲು ಟ್ರಾಫಿಕ್ ಕಚೇರಿ ಮುಟ್ಟಬೇಕಿತ್ತು. ಸೈಮನ್‌ನ ಬಲಗಾಲು ತುರಿಸುತ್ತಿತ್ತು. ಆದರೆ ಸ್ಪೀಡ್ ಮಾಡಿಯೇ ಈ ಪಾಡು ಬಂದಿರುವಾಗ ಇನ್ನೊಂದು ಕ್ಯಾಮೆರಾದ ಎದುರು ಹಾರುವ ಧೈರ್ಯ ಅವನಿಗಿರಲಿಲ್ಲ. ಮದುಮಗಳನ್ನು ಕೂರಿಸಿಕೊಂಡವನಂತೆ ಬಲಬದಿಯ ಲೇನಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದ. ಪಕ್ಕದ ಸೀಟಿನಲ್ಲಿ ಡೋಲ್ಫಿ ಬಾಬ್ ಬೆಲ್ಟ್ ಬಿಗಿದು, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಮರುದಿನ ಅವರೂ ಹೆಂಡತಿ ಎಲಿಜಬೆತ್ ಬಾಯಿಯೂ ಕುವೈತ್ ಬಿಟ್ಟು ಕಾಯಂ ಆಗಿ ಊರಿಗೆ ಹೋಗುವವರು.

ಸೈಮನ್ ಆಸ್ಪತ್ರೆ ಸಾಮಾನು ಮಾರುವ ಕಂಪೆನಿಯ ಸೇಲ್ಸ್‌ಮನ್. ಬೆಳಿಗ್ಗೆ ಬ್ನೇದ್ ಅಲ್ ಗಾರ್‌ನಿಂದ ಹೊರಟರೆ ಜಹ್ರಾದ ಕ್ಲಿನಿಕ್ಕುಗಳವರೆಗೂ ಅವನದು ಓಟವೇ ಓಟ. ಆ ಓಟದಲ್ಲಿ ಲೈಸೆನ್ಸಿನ ಮೇಲೆ ದಂಡದ ಪಾಯಿಂಟುಗಳು ಏರಿ ಕುತ್ತಿಗೆಯವರೆಗೆ ಬಂದಿದ್ದವು. ಹೋದ ವಾರ ಜಹ್ರಾ ರಸ್ತೆಯ ಕ್ಯಾಮೆರಾ ಮತ್ತೊಮ್ಮೆ ಮಿಂಚಿತು. ಇದೂ ಅವನ ಲೆಕ್ಕಕ್ಕೆ ಬಿದ್ದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ಕೆಲಸ, ಕೆಲಸ ಹೋದರೆ ಇಲ್ಲಿ ಇರಲು ಬಿಡುವ ಇಕಾಮಾ. ಮಗಳು ಅಲಿಶಾ ಹನ್ನೆರಡನೇ ಕ್ಲಾಸಿನ ನಡುವೆ ಇದ್ದಳು. ಸೈಮನ್‌ಗೆ ಹೆದರಿಕೆಯಾಗಿತ್ತು.

ಅದು 2013. ಸಿಗ್ನಲ್ ಹಾರಿಸಿದವರು, ಲೈಸೆನ್ಸ್ ಇಲ್ಲದೆ ಓಡಿಸಿದವರು, ಅಂಥವರ ಕೈಗೆ ಕಾರು ಕೊಟ್ಟವರು, ಸ್ಪೀಡಿನ ಹುಚ್ಚು ಹಿಡಿದವರು, ಹೊರದೇಶದವರಾದರೆ ಎಲ್ಲರನ್ನೂ ನೇರ ಊರಿನ ವಿಮಾನ ಹತ್ತಿಸುತ್ತಾರಂತೆ ಎಂಬ ಸುದ್ದಿ ಪ್ರತಿ ಚಹಾದ ಜೊತೆ ಬರುತ್ತಿತ್ತು.

ದಾರಿ ತೋರಿಸಿದ್ದು ಸಹೋದ್ಯೋಗಿ ಸಿರಿಲ್. ಕ್ಯಾಮೆರಾ ಫೋಟೋ ಹೊಡೆಯುವುದು ಹಿಂದಿನಿಂದ, ಕಾಣುವುದು ನಂಬರ್ ಪ್ಲೇಟು ಮಾತ್ರ. ಓಡಿಸಿದ್ದು ನಾನು ಎಂದು ಇನ್ನೊಬ್ಬ ಬಂದು ಒಪ್ಪಿಕೊಂಡರೆ ಪಾಯಿಂಟು ಅವನ ತಲೆಗೆ. ಊರಿಗೆ ಹೋಗಿಬಿಡುವವನಿಗೆ ಪಾಯಿಂಟು ಇದ್ದರೇನು, ಬಿಟ್ಟರೇನು? ಸಿರಿಲ್‌ನ ಪಾಯಿಂಟುಗಳನ್ನು ಹೋದ ವರ್ಷ ಕುಂದಾಪುರದವರೊಬ್ಬರು ಹೊತ್ತುಕೊಂಡು ಹೋಗಿದ್ದರು.

ಆ ಕ್ಷಣ ಸೈಮನ್‌ಗೆ ಡೋಲ್ಫಿ ಬಾಬ್ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಚರ್ಚಿನ ಪಾರ್ಕಿಂಗ್ ಎಂದರೆ ಡೋಲ್ಫಿ ಬಾಬ್. ರಜಾದಿನವಾದ ಶುಕ್ರವಾರದ ಪೂಜೆ ಮುಗಿದ ಕೂಡಲೇ ಸೀಟಿ ಹಿಡಿದು ನಿಂತರೆಂದರೆ ದೊಡ್ಡ ದೊಡ್ಡ ಮ್ಯಾನೇಜರುಗಳೂ ಅವರ ಕೈಸನ್ನೆ ನೋಡಿಯೇ ಕಾರು ಹಿಂದೆ ತೆಗೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಎಷ್ಟು ಫೈನ್ ಬಿದ್ದಿದೆ ಎಂದು ಸೈಮನ್ ಕೇಳಿದ್ದಕ್ಕೆ ಒಂದೂ ಇಲ್ಲ ಎಂದಿದ್ದರು. ಇಂಥ ಶುದ್ಧ ಹೆಸರಿಗೆ ನಾಲ್ಕು ಪಾಯಿಂಟು ಅಂಟಿದರೆ ಏನೂ ಕೊಳೆಯಾಗದು ಎಂದು ಸೈಮನ್ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೀಳ್ಕೊಡುಗೆಯ ನೆಪದಲ್ಲಿ ಇಬ್ಬರನ್ನೂ ಊಟಕ್ಕೆ ಕರೆದ. ಹೆಂಡತಿ ಆಲಿವ್ ಸನ್ನಾ ಬೇಯಿಸಿ ಕೋಳಿ ಸುಕ್ಕ ಮಾಡಿದಳು. ವಿಷಯ ಎತ್ತಿದಾಗ ಡೋಲ್ಫಿ ಬಾಬ್ ಕೈ ತಟ್ಟೆಯಲ್ಲೇ ನಿಂತಿತು. ತನಗೆ ಒಂದು ತೊಂದರೆ ಇದೆ ಎಂದು ಶುರು ಮಾಡಿದರು. ದುಡ್ಡಿನ ತೊಂದರೆಯೇ ಇರಬೇಕೆಂದು ಸೈಮನ್ ಮಾತು ತಡೆದು, ಫೈನ್ ಪೂರ್ತಿ ನಾನೇ ಕಟ್ಟುತ್ತೇನೆ, ನೀವು ಹೂಂ ಅಂದರೆ ಸಾಕು ಎಂದು ಇನ್ನೆರಡು ತುಂಡು ಬಡಿಸಿದ. ಎಲಿಜಬೆತ್ ಬಾಯಿ ಹಾಸಿಗೆ ಹಿಡಿದಿದ್ದಾಗ ದಿನಾ ಗಂಜಿ ಕಳಿಸಿದವಳು ಆಲಿವ್. ಅವಳ ಮುಖ ನೋಡಿ ಡೋಲ್ಫಿ ಬಾಬ್ ಹೂಂ ಅಂದರು.

ಈಗ ಕಾರಿನಲ್ಲಿ ಮತ್ತೆ ಗಂಟಲು ಸರಿಮಾಡಿಕೊಂಡರು. “ಸೈಮನ್, ಒಳಗೆ ಹೋಗುವ ಮೊದಲು ನಿಮಗೊಂದು ಹೇಳ್ಲಿಕ್ಕುಂಟು.”

ದೇವಭಕ್ತ ಮನುಷ್ಯ, ಸುಳ್ಳು ಹೇಳಲು ಮನಸ್ಸು ಒಪ್ಪುತ್ತಿಲ್ಲ ಎಂದುಕೊಂಡ ಸೈಮನ್. ಊರಿಗೆ ಹೋದ ಮೇಲೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದರಾಯಿತು, ಇದು ಒಂದು ಸಂಸಾರ ಉಳಿಸುವ ಸುಳ್ಳು ಎಂದು ದಾರಿಯುದ್ದಕ್ಕೂ ಉಪದೇಶ ಮಾಡಿದ. ಡೋಲ್ಫಿ ಬಾಬ್ ಕಿಟಕಿಯ ಕಡೆ ತಿರುಗಿ ಕೂತರು.

ಕಚೇರಿಯ ಬಾಗಿಲಲ್ಲಿ ಅವರು ಸೈಮನ್‌ನ ತೋಳು ಹಿಡಿದರು. “ಮಾರಾಯ್ರೆ, ಒಂದು ನಿಮಿಷ ಕೇಳಿ.”

“ಈಗ ಏನೂ ಬೇಡ ಡೋಲ್ಫಿ ಬಾಬ್. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಒಂದು ಶಬ್ದ ಹೆಚ್ಚು ಬೇಡ.”

ಒಳಗೆ ಅಧಿಕಾರಿ ಸಭ್ಯ ಮನುಷ್ಯ. ಇಂಗ್ಲಿಷ್ ಬಲ್ಲವನು. ಫೋಟೋ ತೋರಿಸಿ, ಕಾರು ಓಡಿಸಿದ್ದು ಯಾರು ಎಂದು ಕೇಳಿದ. ನಾನು, ಎಂದರು ಡೋಲ್ಫಿ ಬಾಬ್. ಅಷ್ಟೇ. ಸೈಮನ್‌ಗೆ ಕುಣಿಯುವಷ್ಟು ಖುಷಿಯಾಯಿತು.

ಇವರು ನಿನಗೆ ತಿಳಿಯದೆ ಕಾರು ಒಯ್ದರೋ, ನೀನೇ ಕೊಟ್ಟೆಯೋ ಎಂದು ಅಧಿಕಾರಿ ಸೈಮನ್‌ನನ್ನು ಕೇಳಿದ. ಕಳ್ಳತನದ ಕೇಸು ಗೀಸು ಆಗಿ ವಯಸ್ಸಾದವರ ಪ್ರಯಾಣ ನಿಲ್ಲಬಾರದು ನೋಡಿ. ಸೈಮನ್ ಉದಾರಿಯಾದ. ನಾನೇ ನನ್ನ ಕೈಯಾರೆ ಕೀ ಕೊಟ್ಟೆ, ಎಷ್ಟೋ ಸಲ ಕೊಟ್ಟಿದ್ದೇನೆ, ಇವರು ನನಗಿಂತ ಚೆನ್ನಾಗಿ ಓಡಿಸುತ್ತಾರೆ ಎಂದ. ಬರೆದುಕೊಂಡದ್ದರ ಕೆಳಗೆ ಸಹಿ ಕೇಳಿದಾಗ ಪೂರ್ತಿ ಹೆಸರು ಹಾಕಿ ಬೆರಳೊತ್ತಿದ. ಮನಸ್ಸಿನಲ್ಲೇ ಅಲಿಶಾಳನ್ನು ಪರೀಕ್ಷೆಗೆ ಬಿಟ್ಟು ಬಂದ.

ಅಧಿಕಾರಿ ಡೋಲ್ಫಿ ಬಾಬ್ ಕಡೆ ಕೈ ಚಾಚಿದ. “ನಿಮ್ಮ ಲೈಸೆನ್ಸ್?”

ಡೋಲ್ಫಿ ಬಾಬ್ ಸೈಮನ್‌ನ ಮುಖ ನೋಡಿದರು. ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಿತ್ತು.

“ನನಗೆ ಲೈಸೆನ್ಸ್ ಇಲ್ಲ ಸರ್. ನನಗೆ ಕಾರು ಓಡಿಸ್ಲಿಕ್ಕೇ ಬರುವುದಿಲ್ಲ.”