ಗಂಡ ಬರೆದ ರಹದಾರಿ

“ನಿಲ್ಲು! ರಹದಾರಿ ಎಲ್ಲಿ?” ಎಂದು ಗುಡುಗಿದ ಶಿಗೆಜೊ ಉದ್ದನೆಯ ದೊಣ್ಣೆಯನ್ನು ದಾರಿಗೆ ಅಡ್ಡ ಹಿಡಿದ. ನಿಂತವಳು ಅವನ ಹೆಂಡತಿ ಕಿನುಯೊ. ತಲೆಗೆ ಹೊಸ ಟೋಪಿ, ಕೈಯಲ್ಲಿ ಚಕ್ರದ ಪೆಟ್ಟಿಗೆ.

“ರೀ, ದಾರಿ ಬಿಡಿ. ಬಸ್ಸಿಗೆ ಇನ್ನು ಹದಿನೈದೇ ನಿಮಿಷ.”

“ಈ ಠಾಣೇಲಿ ‘ರೀ’ ಅನ್ನೋ ಹೆಸರಿನವರು ಯಾರೂ ಇಲ್ಲ. ರಹದಾರಿ ಇಲ್ಲದ ಹೆಂಗಸನ್ನ ಆಚೆ ಬಿಡಬಾರದು ಅಂತ ಷೋಗುನರ ಅಪ್ಪಣೆ.”

ಜಪಾನನ್ನು ಆಳುತ್ತಿದ್ದ ಆ ಷೋಗುನರು ಹೋಗಿಯೇ ನೂರೈವತ್ತು ವರ್ಷದ ಮೇಲಾಗಿತ್ತು. ಹಳೆಯ ಹೆದ್ದಾರಿಯ ಛತ್ರಗಳ ಊರಾದ ಹಿನೊಸಾಕಾದಲ್ಲಿ ಪ್ರವಾಸಿಗರು ನೋಡಲೆಂದು ಈ ತಪಾಸಣೆಯ ಠಾಣೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು. ಅಂಚೆ ಕಚೇರಿಯಿಂದ ನಿವೃತ್ತನಾದ ಶಿಗೆಜೊ ಜುಟ್ಟಿನ ವಿಗ್ಗು ಇಟ್ಟು, ಮರದ ಕತ್ತಿ ಸಿಕ್ಕಿಸಿಕೊಂಡು ಅಲ್ಲಿ ಅಧಿಕಾರಿಯಾಗಿದ್ದ. ಬೇರೆ ದಿನ ಬಂದವರ ಜೊತೆ ಫೋಟೊ ತೆಗೆಸಿಕೊಂಡು ಬಿಟ್ಟುಬಿಡುತ್ತಿದ್ದ. ಇವತ್ತು ಹಾಗಲ್ಲ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕಿನುಯೊ ತನ್ನ ಶಾಲೆಯ ಗೆಳತಿಯರ ಜೊತೆ ಬಿಸಿನೀರ ಬುಗ್ಗೆಯ ಊರಿಗೆ ಹೊರಟಿದ್ದಳು. ಬೆಳಿಗ್ಗೆ ‘ಹೋಗಬೇಡ’ ಎನ್ನಲು ಬಾಯಿ ಬಾರದೆ, ಮಿಸೊ ಸಾರನ್ನು ಎರಡು ಸಲ ಹಾಕಿಸಿಕೊಂಡು ಸುಮ್ಮನೆ ಎದ್ದು ಬಂದವನಿಗೆ ವಿಗ್ಗು ಇಟ್ಟ ಮೇಲೆ ಬಾಯಿ ಬಂದಿತ್ತು. ಕಿನುಯೊ ಠಾಣೆಯ ಹಿಂದಿನ ಕಾಲುದಾರಿಯಲ್ಲಿ ಹೋಗೋಣವೆಂದರೆ ಕರಡಿ ಕಾಣಿಸಿತೆಂದು ಅದನ್ನು ಮುಚ್ಚಿದ್ದರು.

“ರಹದಾರಿ ಯಾರು ಬರ್ಕೊಡಬೇಕು?” ಕಿನುಯೊ ಕೇಳಿದಳು.

“ನಿನ್ನ ಗಂಡ.”

“ಹಂಗಾದ್ರೆ ಬರ್ಕೊಡಿ.”

“ಅವನು ಕೆಲಸಕ್ಕೆ ಹೋಗಿದಾನೆ. ಐದು ಗಂಟೆ ಮೇಲೆ ಸಿಗ್ತಾನೆ.”

ಪ್ರವಾಸಿಗರು ಗೊಳ್ಳೆಂದು ನಕ್ಕು ಮೊಬೈಲು ಎತ್ತಿ ಹಿಡಿದರು. ಪಕ್ಕದ ಮನೆಯ ತೊಮೆಜ್ಜಿಗೆ ಆ ಠಾಣೆಯಲ್ಲಿ ಹೆಂಗಸರ ತಲೆಗೂದಲು ತಡವಿ ಪರೀಕ್ಷಿಸುವ ಪಾತ್ರ. ಅವಳು ಕೂತಲ್ಲಿಂದಲೇ ಕೂಗಿದಳು: “ಆ ವಿಗ್ಗು ತೆಗಿಯೋ ಶಿಗೆಜೊ. ಅದರ ಕೆಳಗೆ ಇವಳ ಗಂಡ ಇದಾನೋ ಏನೋ ನೋಡೋಣ.”

ಜನ ಚಪ್ಪಾಳೆ ತಟ್ಟಿದರು. ಬೇರೆ ದಾರಿಯಿಲ್ಲದೆ ಶಿಗೆಜೊ ವಿಗ್ಗು ತೆಗೆದು, ಹೊಸಿಲಿನಾಚೆ ಹೋಗಿ ಗಂಡನಾಗಿ ಕೂತ. ಕೈಗೆ ಕುಂಚ ಬಂತು, ಕಾಗದ ಬಂತು. ಹೆಂಗಸಿನ ರಹದಾರಿಯೆಂದರೆ ಕೂದಲು, ಮಚ್ಚೆ, ಗಾಯದ ಗುರುತು ಎಲ್ಲ ಬರೆಯಬೇಕು. ಅವನು ಕತ್ತು ತಿರುಗಿಸುವಷ್ಟರಲ್ಲಿ ಅಜ್ಜಿ ತಡೆದಳು. “ಉಹುಂ, ಅವಳನ್ನ ನೋಡ್ಕೊಂಡು ಬರೀಬಾರದು. ಮನೇಲಿ ಬರಿಯೋದು, ಠಾಣೇಲಿ ಹೋಲಿಸೋದು. ಅದೇ ಪದ್ಧತಿ.”

ಶಿಗೆಜೊ ಬೋಳುತಲೆ ಕೆರೆದುಕೊಂಡು ಮೂರು ಸಾಲು ಬರೆದ. ಮತ್ತೆ ವಿಗ್ಗು ಇಟ್ಟುಕೊಂಡು ಈಚೆ ಬಂದು ತನ್ನ ಕೈಬರಹವನ್ನು ತಾನೇ ಗಟ್ಟಿಯಾಗಿ ಓದಿದ: “ಕೂದಲು ದಟ್ಟ, ಕಪ್ಪು. ಎಡಗೆನ್ನೆಯಲ್ಲಿ ಮಚ್ಚೆ. ಗಾಯದ ಗುರುತು ಯಾವುದೂ ಇಲ್ಲ.”

ತೊಮೆಜ್ಜಿ ಎದ್ದು ಬಂದು ಕಿನುಯೊಳ ಟೋಪಿ ತೆಗೆದಳು. ಕತ್ತರಿಸಿದ ಗಿಡ್ಡ ಕೂದಲು, ಹತ್ತಿಯಂತೆ ಬಿಳಿ. ಮಚ್ಚೆ ಬಲಗೆನ್ನೆಯಲ್ಲಿತ್ತು. ಅಂಗಿಯ ತೋಳು ಸರಿಸಿದರೆ ಮಣಿಕಟ್ಟಿನಿಂದ ಮೇಲಕ್ಕೆ ಗೇಣುದ್ದ ಸುಟ್ಟ ಕಲೆ.

“ಇದೆಲ್ಲ ಯಾವಾಗಾಯ್ತು?” ಅಧಿಕಾರಿಯ ದನಿ ಇಳಿಯಿತು.

“ಬಣ್ಣ ಹಚ್ಚೋದು ಬಿಟ್ಟು ನಾಲ್ಕು ವರ್ಷ ಆಯ್ತು. ಎಣ್ಣೆ ಸಿಡಿದಿದ್ದು ಹೋದ ಹೊಸ ವರ್ಷಕ್ಕೆ. ಬ್ಯಾಂಡೇಜು ಸುತ್ಕೊಂಡು ನಿಂತಿದ್ರೆ ‘ಮೂಲಂಗಿ ಉಪ್ಪಿನಕಾಯಿ ಇನ್ನೂ ಆಗಿಲ್ವಾ’ ಅಂದ್ರಿ.”

“ಮಚ್ಚೆ ಮಾತ್ರ ಎಡಗಡೆ ಇತ್ತು. ಮದುವೆ ಫೋಟೊದಲ್ಲಿ ನಾನೇ ನೋಡಿದೀನಿ!”

“ಫೋಟೊ ನನ್ನ ಎದುರು ನಿಂತು ತೆಗೆದಿದ್ದಲ್ವಾ ಸ್ವಾಮಿ. ನನ್ನ ಬಲ ನಿಮಗೆ ಎಡ.”

ಶಿಗೆಜೊ ಹೆಗಲು ಸೆಟೆಸಿ, ಉಳಿದಿದ್ದ ಅಧಿಕಾರವನ್ನೆಲ್ಲ ಒಟ್ಟುಮಾಡಿಕೊಂಡು ಘೋಷಿಸಿದ: “ತಾಳೆ ಆಗ್ತಿಲ್ಲ. ಈ ರಹದಾರಿಯಲ್ಲಿರೋ ಹೆಂಗಸು ಇವಳಲ್ಲ!”

“ಸರಿ ಹೋಯ್ತು,” ಎಂದಳು ತೊಮೆಜ್ಜಿ. “ಅಂದ್ಮೇಲೆ ಇವಳು ನಿನ್ನ ಹೆಂಡ್ತಿ ಅಲ್ಲ. ಯಾರೋ ಊರು ನೋಡೋಕೆ ಬಂದೋಳು. ಅಂಥೋರನ್ನ ನೀನು ಯಾವತ್ತಪ್ಪ ತಡೆದಿದ್ದೀಯ?”

ಷೋಗುನರ ಯಾವ ಅಪ್ಪಣೆಯೂ ಅವನ ನೆರವಿಗೆ ಬರಲಿಲ್ಲ. ದೊಣ್ಣೆ ತಾನಾಗಿ ಕೆಳಗಿಳಿಯಿತು. ಕಿನುಯೊ ಪೆಟ್ಟಿಗೆಯನ್ನು ಹೊಸಿಲು ದಾಟಿಸಿ, ತಿರುಗಿ ಸೊಂಟ ಬಗ್ಗಿಸಿ ವಂದಿಸಿದಳು. “ಉಪಕಾರವಾಯ್ತು ಸ್ವಾಮಿ. ನಿಮ್ಮ ಹೆಂಡ್ತಿ ಎಲ್ಲಾದ್ರೂ ಸಿಕ್ಕಿದ್ರೆ ನಾನು ಕೇಳ್ದೆ ಅಂತ ಹೇಳಿ.”

ಸ್ವಲ್ಪ ಹೊತ್ತಿಗೆ ಇಳಿಜಾರಿನಲ್ಲಿ ಬಸ್ಸು ಹೊರಟ ಸದ್ದು ಕೇಳಿಸಿತು. ಶಿಗೆಜೊ ಅಲ್ಲೇ ಕುಕ್ಕರಿಸಿ, ಕಾಗದವನ್ನು ಮೊಣಕಾಲ ಮೇಲೆ ಹರಡಿಕೊಂಡು ‘ಕಪ್ಪು’ ಎಂಬುದನ್ನು ಹೊಡೆದುಹಾಕಿದ.

“ಇನ್ನೇನು ಬರೀತಿದೀಯೋ?”

“ವಾಪಸ್ ಬಂದಾಗ ಒಳಗೆ ಬಿಡಬೇಕಲ್ಲಜ್ಜಿ.” ಬಿಳಿ ಎಂದು ಬರೆದ. ಬಲಗೆನ್ನೆ ಎಂದು ಬರೆದ. ಆಮೇಲೆ ಕುಂಚ ನಿಂತುಬಿಟ್ಟಿತು. “ಅಜ್ಜಿ... ಸುಟ್ಟಿದ್ದು ಯಾವ ಕೈ?”

ತೊಮೆಜ್ಜಿ ಕೇಳಿಸದವಳಂತೆ ಆಚೆ ತಿರುಗಿದಳು. ಸಾಲಿನಲ್ಲಿ ಮುಂದಿದ್ದ ಪ್ರವಾಸಿ ಹೆಂಗಸು, ಇದೂ ಆಟದ ಭಾಗವೇ ಇರಬೇಕೆಂದುಕೊಂಡು, ಅಂಗಿಯ ಎರಡೂ ತೋಳು ಮೇಲೇರಿಸಿ ಕೈಗಳನ್ನು ಅವನ ಮುಂದೆ ಚಾಚಿದಳು.