ಮುಂದಿನ ಸೀಟಿನಲ್ಲಿ ಕುಳಿತ ಶಿವ

ಆಗ ನಾನು ಎರಡನೆಯ ತರಗತಿಯ ಹುಡುಗಿ. ವಿವರಗಳಲ್ಲಿ ದೋಷವಿದ್ದರೆ ಓದುಗರು ಮನ್ನಿಸಬೇಕು. ಇಂದಿಗೂ ವಿಭೂತಿಯ ವಾಸನೆ ಬಂದರೆ ನನಗೆ ಪೊಲೀಸ್ ಠಾಣೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ವಿಜಯನಗರದಲ್ಲಿ ಲಗೇಜ್ ಆಟೊ ಓಡಿಸುತ್ತಿದ್ದರು. ಹಿಂದಿನ ದಿನ ಇಬ್ಬರು, ಮನೆ ಬದಲಿಸುತ್ತಿದ್ದೇವೆಂದು ಹೇಳಿ, ಅಪ್ಪನನ್ನು ಚಂದ್ರಾ ಲೇಔಟ್‌ನ ಮನೆಯೊಂದಕ್ಕೆ ಕರೆದೊಯ್ದು ಸಾಮಾನು ಹೇರಿಸಿದ್ದರು. ಮನೆಯವರು ಊರಲ್ಲಿರಲಿಲ್ಲ, ಆ ಇಬ್ಬರು ಕಳ್ಳರು. ಅವರು ಸಿಕ್ಕಿಬಿದ್ದ ಮೇಲೆ ಪೊಲೀಸರು ಅಪ್ಪನನ್ನೂ ಕರೆಸಿದರು. ಕಳ್ಳತನಕ್ಕೆ ಗೊತ್ತಿದ್ದೇ ನೆರವಾದವರಿಗೂ ಜೈಲಾಗುತ್ತದೆಂದು ಅಮ್ಮನಿಗೆ ಯಾರೋ ಹೇಳಿದ್ದರು. ಅವಳು ನನ್ನನ್ನೂ ಕರೆದುಕೊಂಡು ಠಾಣೆಗೆ ಓಡಿ ಬಂದಿದ್ದಳು; ಅವಳ ಸೆರಗು ನನ್ನ ಮುಷ್ಟಿಯಲ್ಲಿ ಒದ್ದೆಯಾಗಿತ್ತು.

ಇನ್‌ಸ್ಪೆಕ್ಟರ್ ಮೇಜಿನ ಮೇಲೆ, ಕಳ್ಳರಿಂದ ಸಿಕ್ಕ ಸಾಮಾನಿನ ಜೊತೆ, ವಿಭೂತಿ ಹಚ್ಚಿದ ಶಿವನ ಫೋಟೊ ಇತ್ತು.

“ಇದನ್ನ ಗೋಡೆಯಿಂದ ನೀನೇ ಇಳಿಸಿದ್ಯಂತೆ?” ಎಂದರು ಇನ್‌ಸ್ಪೆಕ್ಟರ್.

“ಹೌದು ಸಾರ್. ಅವ್ರು ಬೇಡ ಅಂದ್ರು. ದೇವ್ರನ್ನ ಬಿಟ್ಟು ಯಾರಾದ್ರೂ ಮನೆ ಖಾಲಿ ಮಾಡ್ತಾರಾ ಅಂತ, ನಾನೇ ಟವಲ್‌ನಲ್ಲಿ ಸುತ್ತಿ ಮುಂದಿನ ಸೀಟಲ್ಲಿ ಕೂರಿಸ್ದೆ.”

ಸುದ್ದಿ ತಿಳಿದು ಊರಿಂದ ಬಂದಿದ್ದ ಆ ಮನೆಯ ಒಡತಿ, ವಯಸ್ಸಾದ ಹೆಂಗಸು, ಫೋಟೊದ ಗಾಜನ್ನು ಮೆಲ್ಲನೆ ಸವರಿದರು.

“ಸಾರ್, ಕಳ್ಳರಿಗೆ ಇದು ಬೇಕಾಗಿರ್ಲಿಲ್ಲ. ನಿಜವಾಗ್ಲೂ ಶಿಫ್ಟಿಂಗ್ ಅಂತ ನಂಬಿದೋರೇ ದೇವ್ರನ್ನ ಮೊದ್ಲು ಹತ್ತಿಸೋದು. ಇವರಿಗೆ ಏನೂ ಗೊತ್ತಿರ್ಲಿಲ್ಲ, ಹಾಗೇ ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ನಕ್ಕರು. “ದೇವ್ರಿಗೂ ಬಾಡಿಗೆ ಹಾಕಿದ್ಯೇನಯ್ಯಾ?”

“ಇಲ್ಲ ಸಾರ್, ಫ್ರೀ,” ಎಂದರು ಅಪ್ಪ, ಬಹಳ ಗಂಭೀರವಾಗಿ. ಅಮ್ಮ ಅಳುತ್ತಲೇ ನಕ್ಕಳು.

ಅಪ್ಪನನ್ನು ಆರೋಪಿಯೆಂದಲ್ಲ, ಸಾಕ್ಷಿಯೆಂದು ಬರೆದುಕೊಂಡರು. ಅಂದಿನಿಂದ ಅಪ್ಪ, ಮನೆ ಗಿರಾಕಿಯದೇ ಹೌದೇ ಎಂದು ಪಕ್ಕದ ಮನೆಯವರನ್ನು ವಿಚಾರಿಸದೆ ಯಾರ ಸಾಮಾನನ್ನೂ ಹೇರಲಿಲ್ಲ. ಆತುರದ ಗಿರಾಕಿಗಳು ಬೇರೆ ಆಟೊ ಹಿಡಿದರು. ಸಂಪಾದನೆ ಇಳಿಯಿತು, ಅಮ್ಮ ಹೊಲಿಗೆ ಕಲಿತಳು.